ಸೋಮವಾರದ ಹರಿವಾಣ

ಈ ಕಥೆಯನ್ನು ಮೊದಲು ಹೇಳಿದವರು ಗುಬ್ಬಿಯ ಕಲ್ಲಮ್ಮ. ಹೇಳಿದ್ದು 2023ರ ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ, ತುಮಕೂರಿನ ಸದಾಶಿವನಗರದಲ್ಲಿರುವ ಅವರ ಮಗಳ ಮನೆಯ ತಾರಸಿಯ ಮೇಲೆ. ನೆನೆಹಾಕಿದ ಅವರೆಕಾಳಿನ ದೊಡ್ಡ ಪಾತ್ರೆಯೊಂದನ್ನು ನಡುವೆ ಇಟ್ಟುಕೊಂಡು ಅದೇ ಬೀದಿಯ ಐದಾರು ಹೆಂಗಸರು ಸಿಪ್ಪೆ ಹಿಚುಕುತ್ತ ಕುಳಿತಿದ್ದರು. ಕಲ್ಲಮ್ಮನವರ ಕೈಯೂ ಕಥೆ ಮುಗಿಯುವವರೆಗೆ ನಿಲ್ಲಲಿಲ್ಲ. ಮರುವರ್ಷ ಕುಣಿಗಲ್‌ನಲ್ಲಿ ವನಜಮ್ಮ ಎಂಬುವರ ಬಾಯಿಂದ ಇದೇ ಕಥೆ ಇನ್ನೊಮ್ಮೆ ಕೇಳಸಿಕ್ಕಿತು. ಎರಡೂ ಒಂದು ಕಡೆ ಮಾತ್ರ ಬೇರೆಯಾಗುತ್ತವೆ. ಆ ಜಾಗ ಬಂದಾಗ ಅದನ್ನು ತಿಳಿಸಿದ್ದೇನೆ. ಉಳಿದದ್ದು ಕಲ್ಲಮ್ಮನವರು ಹೇಳಿದ ಕ್ರಮದಲ್ಲೇ ಇದೆ.

ಗುಬ್ಬಿಯ ಹಳೇ ಪೇಟೆಯಲ್ಲಿ ಅಡವಿಯಪ್ಪನವರ ಮನೆ. ಕೊಬ್ಬರಿ ವ್ಯಾಪಾರ ಬಿಟ್ಟು ಹತ್ತು ವರ್ಷವಾಗಿದೆ. ಹೆಂಡತಿ ಶಿವರುದ್ರಮ್ಮ, ಮಗ ಬಸವರಾಜ್, ಸೊಸೆ ಸುಮನಾ, ಮೊಮ್ಮಗಳು ಮಧುಶ್ರೀ. ಬಸವರಾಜ್‌ಗೆ ಬಿದರೆಹಳ್ಳಿ ಕಾವಲ್ ಕಡೆ ಕಾರ್ಖಾನೆಯ ಕೆಲಸ. ಸುಮನಾಗೆ ತುಮಕೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ. ಮಧುಶ್ರೀ ಅಲ್ಲಿಯೇ ಕಾಲೇಜು ಓದುತ್ತಾಳೆ. ಬೆಳಿಗ್ಗೆ ಎಂಟಕ್ಕೆ ಮೂವರೂ ಹೊರಟರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಕಲ್ಲಮ್ಮ ಆ ಮನೆಗೆ ಹದಿನಾರು ವರ್ಷದಿಂದ ಪ್ರತಿ ಸೋಮವಾರ ಬಿಲ್ವಪತ್ರೆ ಕೊಡುತ್ತ ಬಂದವರು. ಆದ್ದರಿಂದ ಅವರು ಹೇಳಿದ್ದರಲ್ಲಿ ಬಹುಪಾಲು ಕಣ್ಣಾರೆ ಕಂಡದ್ದು.

ಮನೆಗೆ ಯಂತ್ರಗಳು ಒಂದೊಂದಾಗಿ ಬಂದವು. ಮೊದಲು ಬಂದದ್ದು ಮಾತಿಗೆ ಚಾನಲ್ ಬದಲಿಸುವ ಟಿವಿ. ಅಡವಿಯಪ್ಪನವರು ಮನೆಯ ಆಳಿಗೆ ಹೇಳುವ ದನಿಯಲ್ಲಿ ಅದಕ್ಕೆ ಹೇಳುತ್ತಿದ್ದರು; ಅದು ವಾರ್ತೆ ಕೇಳಿದರೆ ಅಡುಗೆ ತೋರಿಸುತ್ತಿತ್ತು. ಆಮೇಲೆ ಬಸವರಾಜ್ ಅಪ್ಪನ ಕೈಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿದ. ದಿನಕ್ಕೆ ಆರು ಸಾವಿರ ಹೆಜ್ಜೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ತೆಂಗಿನಕಾಯಿ ಸುಲಿಯುವಾಗಲೂ ಅದು ಹೆಜ್ಜೆಯೆಂದೇ ಲೆಕ್ಕ ಹಾಕುತ್ತದೆ ಎಂಬುದು ಅವರಿಗೆ ಎರಡನೆಯ ದಿನವೇ ಗೊತ್ತಾಯಿತು. ಅಂದಿನಿಂದ ಜಗುಲಿಯ ಮೇಲೆ ಕೂತು ಹತ್ತು ಕಾಯಿ ಸುಲಿದು, ವಾಕಿಂಗ್ ಮುಗಿಯಿತೆಂದು ಒಳಗೆ ಬರುತ್ತಿದ್ದರು. ಆಯುಧಪೂಜೆಯ ದಿನ ಟಿವಿಯ ರಿಮೋಟು, ಗಡಿಯಾರ, ಮಿಕ್ಸಿ ಎಲ್ಲವನ್ನೂ ಸಾಲಾಗಿ ಜೋಡಿಸಿ ಶಿವರುದ್ರಮ್ಮ ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಎಳೆಯುತ್ತಿದ್ದರು.

ವೈಫೈ ಬಂದದ್ದು ಮಧುಶ್ರೀಯ ಪಾಠಗಳು ಮನೆಯಿಂದಲೇ ನಡೆದ ವರ್ಷ. ಅದು ಕಲ್ಲುಗೋಡೆಯ ಮನೆ. ಗೋಡೆ ಒಂದೂವರೆ ಮೊಳ ದಪ್ಪ. ಫೋನಿನ ಸಿಗ್ನಲ್ ಬೀದಿ ಬಾಗಿಲಿನ ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು. ಕೇಬಲ್ಲಿನ ಕೆಲಸ ಮಾಡುವ ರವೀಶ್ ಬಂದು ಮನೆಯೆಲ್ಲ ಸುತ್ತಿ ನೋಡಿದ. ಬೀದಿಯ ಕಂಬದಿಂದ ತಂತಿ ಎಳೆಯಲು ಹತ್ತಿರವಾದ ಗೋಡೆ ದೇವರ ಮನೆಯದು. ಖಾಲಿ ಇದ್ದ ಪ್ಲಗ್ಗೂ ಅಲ್ಲಿಯದೇ, ಹಬ್ಬದ ದಿನ ಬಣ್ಣದ ಬಲ್ಬುಗಳಿಗೆ ಹಾಕಿಸಿದ್ದು. ಶಿವರುದ್ರಮ್ಮ ಎರಡು ದಿನ ಯೋಚಿಸಿ ಒಪ್ಪಿದರು. ರವೀಶ್ ಸ್ನಾನ ಮಾಡಿ ಬಂದು, ಚರ್ಮದ ಬೆಲ್ಟು ಮತ್ತು ಪರ್ಸನ್ನು ಜಗುಲಿಯಲ್ಲಿ ಬಿಚ್ಚಿಟ್ಟು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಕೆಲಸ ಮುಗಿಸಿದ. ಲಿಂಗದ ಎಡಕ್ಕೆ, ಹಿಂದೆ ಎಣ್ಣೆಯ ಗಿಂಡಿ ಇಡುತ್ತಿದ್ದ ಗೋಡೆಯ ಗೂಡಿನೊಳಗೆ ರೂಟರ್ ಕುಳಿತಿತು. ಅದರ ಹಸಿರು ದೀಪಗಳು ಮಿಣುಕುವುದನ್ನು ಕಂಡು ಶಿವರುದ್ರಮ್ಮ ಅದಕ್ಕೂ ಒಂದು ದಾಸವಾಳ ಇಟ್ಟರು.

ಶಿವರುದ್ರಮ್ಮನವರಿಗೆ ಒಬ್ಬಳೇ ಅಕ್ಕ, ಲಕ್ಷ್ಮೀದೇವಮ್ಮ, ಕುಣಿಗಲ್‌ಗೆ ಕೊಟ್ಟ ಹೆಣ್ಣು. ಮದುವೆಯ ಸಮಯದಲ್ಲಿ ತವರಿನವರು ಇಬ್ಬರಿಗೂ ಒಂದೇ ಅಚ್ಚಿನ ತಾಮ್ರದ ಹರಿವಾಣ ಕೊಟ್ಟಿದ್ದರು. ಅಗಲವಾದ ತಟ್ಟೆ, ಅಂಚಿಗೆ ಬಳ್ಳಿಯ ಕೆತ್ತನೆ. ಕಲ್ಲಮ್ಮ ಈ ಜೋಡಿಯ ವಿಷಯವನ್ನು ಎರಡು ಸಲ ಹೇಳಿದರು. ಕಥೆಗೆ ಅದು ಬೇಕಾಗುತ್ತದೆ, ಮರೆಯಬೇಡಿ ಎಂದರು.

ಕಲ್ಲಮ್ಮ ಈ ಕಥೆ ಹೇಳಿದ ವರ್ಷವೇ, ಶಿವರಾತ್ರಿ ಕಳೆದ ಮೂರನೆಯ ದಿನ ಲಕ್ಷ್ಮೀದೇವಮ್ಮನವರಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಬಲಗೈ ಹೋಯಿತು, ಮಾತು ಹೋಯಿತು. ಬುದ್ಧಿ ಮಾತ್ರ ಮೊದಲಿನ ಹಾಗೆಯೇ ಚುರುಕು. ಎಡಗೈಯಲ್ಲೇ ಎಲ್ಲವನ್ನೂ ಹೇಳುವುದನ್ನು ಕಲಿತರು. ಹಾಗಾದ ಮೇಲೆ ಬರೀ ದನಿಯ ಫೋನಿನಿಂದ ಅಕ್ಕತಂಗಿಯರಿಗೆ ಏನೂ ಉಪಯೋಗವಿರಲಿಲ್ಲ. ಮುಖ ಕಾಣಬೇಕು, ಕೈ ಕಾಣಬೇಕು. ಅದಕ್ಕೆಂದೇ ಸುಮನಾ ಅತ್ತೆಗೆ ಒಂದು ಟ್ಯಾಬ್ ತಂದಳು. ಸಿಮ್ ಇಲ್ಲದ್ದು, ವೈಫೈಯಲ್ಲಿ ಮಾತ್ರ ನಡೆಯುವಂಥದ್ದು. ಕುಣಿಗಲ್‌ನಲ್ಲಿ ಅಕ್ಕನ ಸೊಸೆ ಮಂಜುಶ್ರೀ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳಿಗೆ ಸೋಮವಾರ ವಾರದ ರಜೆ. ಉಳಿದ ದಿನ ಅವಳು ಮನೆಗೆ ಬರುವ ಹೊತ್ತಿಗೆ ಅತ್ತೆ ಮಾತ್ರೆ ನುಂಗಿ ಮಲಗಿರುತ್ತಿದ್ದರು. ಹೀಗಾಗಿ ಸೋಮವಾರ ಹನ್ನೊಂದು ಗಂಟೆ ಎಂದು ಗೊತ್ತಾಯಿತು. ಶಿವರುದ್ರಮ್ಮ ಪೂಜೆ ಮುಗಿಸಿ, ಕಲ್ಲಮ್ಮನಿಗೆ ಪ್ರಸಾದ ಕೊಟ್ಟು, ಟ್ಯಾಬನ್ನು ಹಾಲ್‌ನಲ್ಲಿ ಟಿವಿಗೆ ಒರಗಿಸಿ ಕೂರುತ್ತಿದ್ದರು. ಯುಗಾದಿಯಿಂದ ಆಷಾಢದವರೆಗೆ ಒಂದು ವಾರವೂ ತಪ್ಪಲಿಲ್ಲ. ಅಕ್ಕ ಎಡಗೈ ಬೆರಳು ಎತ್ತಿ ಎಷ್ಟು ರೊಟ್ಟಿ ತಿಂದೆ ಎಂದು ಹೇಳುವರು. ಬಲಗೈ ಮುಷ್ಟಿಯನ್ನು ಮೆಲ್ಲಗೆ ಕಟ್ಟಿ ಬಿಚ್ಚಿ, ಅದು ಎಷ್ಟು ಆಡುತ್ತಿದೆ ಎಂದು ತೋರಿಸುವರು. ತಂಗಿ ಬೀದಿಯ ಸುದ್ದಿಯನ್ನೆಲ್ಲ ಹೇಳುವರು. ಡಾಕ್ಟರು ಹೇಳಿಕೊಟ್ಟ ಕೈಯ ವ್ಯಾಯಾಮವನ್ನು ಅಕ್ಕ ತಂಗಿಯ ಮುಂದೆ ಮಾಡಿದಷ್ಟು ಚೆನ್ನಾಗಿ ಮತ್ತಾರ ಮುಂದೆಯೂ ಮಾಡುತ್ತಿರಲಿಲ್ಲ ಎಂದು ಮಂಜುಶ್ರೀಯೇ ಹೇಳಿದ್ದುಂಟು.

ಶ್ರಾವಣ ಬಂದಿತು. ಆ ಮನೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ಸೋಮವಾರ ಹಿರಿಯರ ಕಾಲದ ಕಲ್ಲಿನ ಲಿಂಗಕ್ಕೆ ಹನ್ನೊಂದು ಚೊಂಬು ನೀರಿನ ಅಭಿಷೇಕ. ಅದು ಮುಗಿದ ಮೇಲೆ ಸಂಜೆ ದೀಪ ಹಚ್ಚಿ ಪೂಜೆ ಇಳಿಸುವವರೆಗೆ ದೇವರ ಮನೆಗೆ ಯಾರೂ ಕಾಲಿಡುವಂತಿಲ್ಲ, ಅಲ್ಲಿಯ ಒಂದು ಹೂವನ್ನೂ ಕದಲಿಸುವಂತಿಲ್ಲ. ಇಟ್ಟದ್ದು ಇಟ್ಟ ಹಾಗೆಯೇ ಇರಬೇಕು. ಶ್ರಾವಣದ ಮೊದಲ ಸೋಮವಾರ ಅಭಿಷೇಕದ ನೀರು ಚಿಮ್ಮಿ ಗೂಡಿನೊಳಗೆ ನಾಲ್ಕು ಹನಿ ಬಿದ್ದವು. ಶಿವರುದ್ರಮ್ಮ ಸೆರಗಿನಲ್ಲಿ ಒರೆಸಿದರು. ಸಂಜೆ ಬೀದಿಯಲ್ಲಿ ರವೀಶ್ ಸಿಕ್ಕಾಗ ಕೇಳಿದ್ದಕ್ಕೆ, ಒಳಗೆ ನೀರು ಇಳಿದರೆ ರೂಟರ್ ಮುಗಿಯಿತು, ಹೊಸದೇ ತರಬೇಕು ಎಂದ. ಅಕ್ಕನ ಮುಖ ತೋರಿಸುವ ಪೆಟ್ಟಿಗೆ ತನ್ನ ಕೈಯಿಂದಲೇ ಹಾಳಾದರೆ ಹೇಗೆ ಎಂದು ಶಿವರುದ್ರಮ್ಮನವರಿಗೆ ಹೆದರಿಕೆ ಹುಟ್ಟಿತು. ಮುಂದಿನ ಸೋಮವಾರದಿಂದ ಅವರು ಚೊಂಬು ಎತ್ತುವ ಮೊದಲು ತವರಿನ ಹರಿವಾಣವನ್ನು ತಂದು ಗೂಡಿನ ಬಾಯಿಗೆ ಅಡ್ಡಲಾಗಿ ಒರಗಿಸತೊಡಗಿದರು. ಅಳತೆ ಕೊಟ್ಟು ಮಾಡಿಸಿದ ಬಾಗಿಲಿನಂತೆ ಅದು ಅಲ್ಲಿ ಕೂತಿತು. ಪೂಜೆ ಇಳಿಸುವಾಗ ಉಳಿದ ಪಾತ್ರೆಗಳ ಜೊತೆ ಅದನ್ನೂ ತೆಗೆದು, ತೊಳೆದು, ಬೋರಲು ಹಾಕುವರು. ಯಾರಿಗೂ ಹೇಳಲಿಲ್ಲ. ಬತ್ತಿ ಹೊಸೆಯುವುದನ್ನೂ ಗಂಧ ತೇಯುವುದನ್ನೂ ಯಾರಿಗೂ ಹೇಳುವುದಿಲ್ಲವಲ್ಲ, ಹಾಗೆ ಕೈಯ ರೂಢಿಯಾಯಿತು.

ಆ ಸೋಮವಾರದಿಂದಲೇ ಕುಣಿಗಲ್‌ನ ಚಿತ್ರ ಕೆಡತೊಡಗಿತು. ಕರೆ ಹೋಗುತ್ತಿತ್ತು. ಅಕ್ಕನ ಮುಖ ಮೂಡಿ, ಕೈ ಅರ್ಧ ಎತ್ತಿದಲ್ಲಿಗೆ ನಿಂತುಬಿಡುತ್ತಿತ್ತು. ನಡುವೆ ಸಣ್ಣ ಚಕ್ರವೊಂದು ಸುತ್ತಿ ಸುತ್ತಿ ಎಲ್ಲವೂ ಆರಿಹೋಗುತ್ತಿತ್ತು. ಸಂಜೆ ಮಗ ಸೊಸೆ ಬಂದು ನೋಡಿದರೆ ಎಲ್ಲ ಸರಿಯಾಗಿರುತ್ತಿತ್ತು. ಟ್ಯಾಬಿನಲ್ಲಿ ಏನೋ ತಪ್ಪು ಒತ್ತಿರುತ್ತೀರಿ ಎಂದು ಬಸವರಾಜ್ ಅಂದ. ರವೀಶ್ ಮಂಗಳವಾರ ಬಂದ, ಸರಿ ಇತ್ತು. ಗುರುವಾರ ಬಂದ, ಸರಿ ಇತ್ತು. ಹಾಲ್‌ನಲ್ಲಿ ಸಿಗ್ನಲ್ ಹೆಚ್ಚಿಸುವ ಇನ್ನೊಂದು ಪುಟ್ಟ ಪೆಟ್ಟಿಗೆಯನ್ನೂ ಸಿಕ್ಕಿಸಿ ಹೋದ. ಅದರ ದೀಪವೂ ಸೋಮವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕೆಂಪಾಗುತ್ತಿತ್ತು. ಕೊನೆಗೆ ಒಂದು ಸೋಮವಾರವೇ ಅವನನ್ನು ಕರೆಸಿದರು. ಅವನು ಕಂಬ ಹತ್ತಿ ಇಳಿದು, ಬಾಗಿಲಲ್ಲಿ ನಿಂತ.

"ಹೊರಗಡೆ ಫಸ್ಟ್ ಕ್ಲಾಸಾಗಿ ಬರ್ತೈತೆ ಕಣಜ್ಜಿ. ನಿಮ್ಮನೆ ಒಳಗೇ ಏನೋ ಆಗ್ತಾ ಇರೋದು. ಒಂದ್ನಿಮಿಷ ದೇವ್ರ ಮನೆಗೆ ಬುಡಿ, ನೋಡ್ಬುಡ್ತೀನಿ."

"ಪೂಜೆ ಆಗೈತೆ ಕಣೋ. ಸಂಜೆ ಇಳಿಸ್ದ ಮೇಲೆ ಬಾ."

"ಸಂಜೆ ಬಂದ್ರೆ ಅದು ಸರಿಯಾಗಿರ್ತೈತಲ್ಲಜ್ಜಿ."

"ಅದೂ ಸೋಮವಾರದ ಉಪವಾಸ ಹಿಡ್ದಂಗೈತೆ ಬುಡ್ಲಾ," ಎಂದರು ಜಗುಲಿಯಲ್ಲಿ ಕಾಯಿ ಸುಲಿಯುತ್ತಿದ್ದ ಅಡವಿಯಪ್ಪ. "ಸಂಜೆ ದೀಪ ಹಚ್ಚಿದ್ ಮೇಲೇ ಬಾಯ್ ಬಿಡೋದು."

ರವೀಶ್ ನಕ್ಕು ಹೋದ. ಸಂಜೆ ಬಂದಾಗ ನಿಜಕ್ಕೂ ಎಲ್ಲ ಸರಿಯಾಗಿತ್ತು. ಹರಿವಾಣ ಆಗಲೇ ತೊಳೆದು ಅಡುಗೆ ಮನೆಯಲ್ಲಿ ಬೋರಲಾಗಿತ್ತು.

ನಗುವ ಮಾತು ಇಲ್ಲಿಗೆ ಮುಗಿಯುತ್ತದೆ ಎಂದು ಕಲ್ಲಮ್ಮ ಹೇಳಿ, ಹಿಚುಕಿದ ಬೇಳೆಯನ್ನು ತಟ್ಟೆಗೆ ಸುರಿದರು. ಏಕೆಂದರೆ ಕುಣಿಗಲ್‌ನ ಕಡೆ ಬೇರೆಯೇ ಆಗುತ್ತಿತ್ತು. ಮಾತು ಹೋದವರಿಗೆ ಒಂದು ಸಂಶಯ ಸದಾ ಇರುತ್ತದಂತೆ, ಎದುರಿನವರಿಗೆ ತನ್ನಿಂದ ಬೇಸರವಾಗಿದೆ ಎಂದು. ಪ್ರತಿ ಸೋಮವಾರ ತಾನು ಕೈ ಎತ್ತಿದೊಡನೆ ತಂಗಿಯ ಮುಖ ಅಲ್ಲಾಡದೆ ನಿಂತು, ಆಮೇಲೆ ಮಾಯವಾಗುವುದನ್ನು ಲಕ್ಷ್ಮೀದೇವಮ್ಮ ನಾಲ್ಕು ವಾರ ನೋಡಿದರು. ನೆಟ್ ಸರಿಯಿಲ್ಲ ಎಂದು ಮಂಜುಶ್ರೀ ಎಷ್ಟು ಹೇಳಿದರೂ ನಂಬಲಿಲ್ಲ. ಅದೇ ಫೋನಿನಲ್ಲಿ ದುಬೈಯಲ್ಲಿರುವ ನಾದಿನಿಯ ಮಗ ಚೆನ್ನಾಗಿ ಕಾಣುತ್ತಿದ್ದ. ಗುಬ್ಬಿ ದುಬೈಗಿಂತ ದೂರವೇ? ಐದನೆಯ ವಾರ ಸೊಸೆ ಫೋನ್ ಹಿಡಿದರೆ ಗೋಡೆಯ ಕಡೆಗೆ ತಿರುಗಿ ಮಲಗಿದರು. ಆಮೇಲೆ ಕೈಯ ವ್ಯಾಯಾಮವನ್ನೂ ಬಿಟ್ಟರು. ಬಿಡಿಸಿಕೊಳ್ಳುತ್ತಿದ್ದ ಬೆರಳುಗಳು ಮತ್ತೆ ಮಡಚಿಕೊಳ್ಳತೊಡಗಿದವು. ಮಂಜುಶ್ರೀ ಇದನ್ನು ಮುಚ್ಚಿಡಲಾರದೆ ಸುಮನಾಗೆ ಫೋನಿನಲ್ಲಿ ಹೇಳಿದಳು. ಸುಮನಾ ಅತ್ತೆಗೆ ಹೇಳಿದಳು.

ಶಿವರುದ್ರಮ್ಮ ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನ ಎದ್ದವರೇ, ಬರುವ ಕಾರ್ತಿಕದ ಮೊದಲ ಸೋಮವಾರ ಕುಣಿಗಲ್‌ಗೆ ಹೋಗುತ್ತೇನೆ ಎಂದರು. ಮಂಡಿ ನೋವಿನವರು, ಎರಡು ಬಸ್ಸು ಬದಲಿಸಬೇಕಾದ ದಾರಿ. ಅದಕ್ಕಿಂತ ದೊಡ್ಡದು, ಮದುವೆಯಾಗಿ ಬಂದ ಮೇಲೆ ಕಾರ್ತಿಕ ಸೋಮವಾರದ ಪೂಜೆಯನ್ನು ಅವರು ಒಮ್ಮೆಯೂ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಅಡವಿಯಪ್ಪ ಅದನ್ನು ನೆನಪಿಸಿದರು.

"ಲಿಂಗಪ್ಪ ಕಾಯ್ತಾನೆ ಕಣ್ರೀ," ಎಂದರು ಶಿವರುದ್ರಮ್ಮ. "ಅಕ್ಕ ಕಾಯಲ್ಲ."

ಪೂಜೆ ಅಡವಿಯಪ್ಪನವರ ಪಾಲಿಗೆ ಬಂದಿತು. ಹನ್ನೊಂದು ಚೊಂಬು, ಮೂರೆಸಳಿನ ಪತ್ರೆ, ಎಡೆಗೆ ಬೆಲ್ಲ, ಎಣ್ಣೆಯ ಗಿಂಡಿ ಎಲ್ಲಿದೆ, ದೀಪಕ್ಕೆ ಎಷ್ಟು ಬತ್ತಿ, ಎಲ್ಲವನ್ನೂ ಭಾನುವಾರ ಕೂರಿಸಿಕೊಂಡು ಹೇಳಿದರು. ಹರಿವಾಣದ ಮಾತು ಹೇಳಲು ಹೊಳೆಯಲಿಲ್ಲ. ಮಧುಶ್ರೀಗೆ ಪರೀಕ್ಷೆಯ ರಜೆ; ತಾತನ ಜೊತೆ ಅವಳು ಉಳಿದಳು. ರಜೆ ಹಾಕಿದ ಸುಮನಾ ಅತ್ತೆಯನ್ನು ಕರೆದುಕೊಂಡು ಹೊರಟಳು.

ಕುಣಿಗಲ್‌ನಲ್ಲಿ ಲಕ್ಷ್ಮೀದೇವಮ್ಮ ತಂಗಿಯನ್ನು ನೋಡಿದರು, ನಗಲಿಲ್ಲ. ಅಳಲೂ ಇಲ್ಲ. ಎಡಗೈಯಿಂದ ಮಂಚದ ಪಕ್ಕದ ಫೋನನ್ನು ತೋರಿಸಿದರು, ಮತ್ತೆ ತಂಗಿಯನ್ನು ತೋರಿಸಿದರು, ಗಾಳಿಯಲ್ಲಿ ದಾರ ಕತ್ತರಿಸಿದಂತೆ ಎರಡು ಬೆರಳಾಡಿಸಿದರು. ಫೋನನ್ನು ನೀನೇ ಕತ್ತರಿಸಿದೆ ಎಂಬುದು ಯಾರೂ ಬಿಡಿಸಿ ಹೇಳದೆ ಅರ್ಥವಾಯಿತು. ಶಿವರುದ್ರಮ್ಮ ಆಣೆ ಇಟ್ಟರು. ಅಕ್ಕ ಮುಖ ತಿರುಗಿಸಿದರು. ಹನ್ನೊಂದು ಗಂಟೆಯವರೆಗೂ ಹಾಗೆಯೇ ನಡೆಯಿತು. ತಂದಿದ್ದ ಕೊಬ್ಬರಿ ಮಿಠಾಯಿಯ ಡಬ್ಬಿಯನ್ನು ಬಿಚ್ಚುವವರಿರಲಿಲ್ಲ.

ಹನ್ನೊಂದು ಹೊಡೆದಾಗ ಶಿವರುದ್ರಮ್ಮನವರಿಗೆ ಮನೆಯ ಪೂಜೆಯ ಯೋಚನೆ ಬಂದಿತು. ಗಂಡ ಎಷ್ಟು ಚೊಂಬು ಹಾಕಿದರೋ ಎಂದು. ಮಂಜುಶ್ರೀ ತನ್ನ ಫೋನಿನಿಂದ ಗುಬ್ಬಿಯ ಟ್ಯಾಬಿಗೆ ಕರೆ ಹಚ್ಚಿ, ಅತ್ತೆಗೂ ಕಾಣುವಂತೆ ಮಂಚದ ಅಂಚಿಗೆ ಒರಗಿಸಿದಳು. ಚಿತ್ರ ನೀರಿನಂತೆ ತಿಳಿಯಾಗಿ ಬಂದಿತು. ಮೂರು ತಿಂಗಳಲ್ಲಿ ಸೋಮವಾರ ಹಾಗೆ ಬಂದದ್ದು ಅದೇ ಮೊದಲು. ಹಾಲ್ ಕಂಡಿತು, ತಾತನನ್ನು ಕೂಗುತ್ತಿದ್ದ ಮಧುಶ್ರೀ ಕಂಡಳು, ಅವಳ ಹಿಂದೆ ತೆರೆದ ಬಾಗಿಲಿನಾಚೆ ದೇವರ ಮನೆ, ಗೂಡು, ಗೂಡಿನಲ್ಲಿ ಹಸಿರು ದೀಪಗಳು. ಅಡವಿಯಪ್ಪ ಒದ್ದೆ ಪಂಚೆಯಲ್ಲಿ ಹೊಸ್ತಿಲ ಮೇಲೆ ನಿಂತಿದ್ದರು. ಏಳನೆಯ ಚೊಂಬು ನಡೆಯುತ್ತಿದೆ, ಹೆಂಗಸರು ಅವಸರ ಮಾಡಬಾರದು ಎಂದರು.

ಶಿವರುದ್ರಮ್ಮನವರ ಕಣ್ಣು ಹೋದದ್ದು ಹಸಿರು ದೀಪಗಳ ಮೇಲೆ.

"ಅಯ್ಯೋ, ಗೂಡಿಗೆ ಹರಿವಾಣ ಎಲ್ರೀ? ನೀರು ಹಾರ್ತೈತೆ. ಮುಚ್ರೀ ಮೊದ್ಲು."

"ಯಾವ ಹರಿವಾಣ?"

"ನಮ್ಮವ್ವ ಕೊಟ್ಟಿದ್ದು. ಅಡ್ಗೆ ಮನೇಲಿ ಬೋರಲೈತೆ ನೋಡಿ. ಅದನ್ನ ಅದ್ರ ಬಾಯಿಗೆ ಒರಗಿಸ್ರಿ."

ಅಡವಿಯಪ್ಪ ಗೊಣಗುತ್ತ ಹೋದರು, ಬಳ್ಳಿಯಂಚಿನ ತಾಮ್ರದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂದರು, ಗೂಡಿನ ಮುಂದೆ ಬಗ್ಗಿದರು. ತಟ್ಟೆ ಗೂಡಿನ ಬಾಯಿಗೆ ಕೂತಿತು. ಚಿತ್ರ ನಿಂತಿತು. ಬಗ್ಗಿದ ಬೆನ್ನು, ಒದ್ದೆ ಪಂಚೆ, ತಾಮ್ರದ ಮೇಲೆ ಎರಡು ಕೈ, ಎಲ್ಲವೂ ಗೋಡೆಗೆ ತೂಗುಹಾಕಿದ ಪಟದಂತೆ ಅಲ್ಲಾಡದಾದವು. ಅದರ ನಡುವೆ ಚಕ್ರ ಸುತ್ತತೊಡಗಿತು.

 ಶಿವರುದ್ರಮ್ಮ ಹಳೆಯ ಸಂಕಟವೇ ಮತ್ತೆ ಬಂದಿತೆಂದು ಫೋನನ್ನು ನೋಡುತ್ತಿದ್ದರು. ಸುಮನಾ ಮಂಜುಶ್ರೀಯ ಮುಖ ನೋಡುತ್ತಿದ್ದಳು. ಲಕ್ಷ್ಮೀದೇವಮ್ಮ ಮಾತ್ರ ನಿಂತುಹೋದ ಆ ಚಿತ್ರದ ಕಡೆಗೆ ಕತ್ತು ಚಾಚಿದರು. ಆಮೇಲೆ ಎಡಗೈಯಿಂದ ಮಂಚವನ್ನು ತಟ್ಟಿ ಸೊಸೆಯನ್ನು ಕರೆದು, ಅಡುಗೆ ಮನೆಯ ಮೇಲಿನ ಹಲಗೆಯನ್ನು ತೋರಿಸಿದರು. ಮಂಜುಶ್ರೀ ಒಂದು ಡಬ್ಬಿ ತಂದಳು, ಅಲ್ಲ ಎಂದರು. ಚೆಂಬು ತಂದಳು, ಅಲ್ಲ. ಮೂರನೆಯ ಸಲ ಜೋಡಿಯ ಇನ್ನೊಂದು ಹರಿವಾಣ ಬಂದಿತು. ಅದನ್ನು ತೊಡೆಯ ಮೇಲೆ ಇರಿಸಿಕೊಂಡು, ಎಡಗೈಯಲ್ಲಿ ಅಂಚು ಹಿಡಿದು, ಮೆಲ್ಲಗೆ ಎತ್ತಿ ತಮ್ಮ ಬಾಯಿಗೆ ಅಡ್ಡ ಹಿಡಿದರು. ಫೋನನ್ನು ನೋಡಿದರು. ತಟ್ಟೆ ಇಳಿಸಿದರು. ಮತ್ತೆ ಅಡ್ಡ ಹಿಡಿದರು, ಮತ್ತೆ ಇಳಿಸಿದರು. ಎರಡನೆಯ ಸಲ ಇಳಿಸಿದಾಗ ಅವರ ಮುಖದ ಒಂದು ಬದಿ ನಗುತ್ತಿತ್ತು. ಇನ್ನೊಂದು ಬದಿಗೆ ನಗಲು ಬರುತ್ತಿರಲಿಲ್ಲ, ಅಷ್ಟೇ.

ಮೊದಲು ಅರ್ಥವಾದದ್ದು ಸುಮನಾಗೆ. ಆ ಹೊತ್ತಿಗೆ ಮಧುಶ್ರೀ ಬೀದಿಗೆ ಓಡಿಬಂದು ತನ್ನ ಫೋನಿನಿಂದ ಕರೆ ಮಾಡಿದ್ದಳು. ತಾತನಿಗೆ ಆ ತಟ್ಟೆ ತೆಗೆಯಲು ಹೇಳು ಎಂದು ಸುಮನಾ ಹೇಳಿದಳು. ಒಂದು ನಿಮಿಷದಲ್ಲಿ ಅಡವಿಯಪ್ಪ ಹರಿವಾಣವನ್ನು ಎದೆಗೆ ಒತ್ತಿಕೊಂಡು ನಿಂತಿರುವುದು ಕಂಡಿತು, ಕದಲುತ್ತ, ಮಾತಾಡುತ್ತ. ಇಡಲೋ ಬೇಡವೋ, ಒಂದು ಹೇಳಿ, ಲಿಂಗಪ್ಪ ನೆನೆಯುತ್ತಿದ್ದಾನೆ ಎಂದು ಕೇಳುತ್ತಿದ್ದರು.

ಶಿವರುದ್ರಮ್ಮ ಅಕ್ಕನ ಮಂಚದ ಮೇಲೆ ಕುಳಿತರು.

"ನಾನೇ ಮುಚ್ಚಿದ್ನಲ್ಲ ಅಕ್ಕಯ್ಯ," ಎಂದರು. "ಕೆಡಬಾರ್ದು ಅಂತ ಮುಚ್ಚಿದ್ದೆ."

ಲಕ್ಷ್ಮೀದೇವಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ತಮ್ಮ ಮಡಚಿದ ಬಲಗೈಯನ್ನು ಎಡಗೈಯಿಂದ ಎತ್ತಿ ತಂಗಿಯ ತೊಡೆಯ ಮೇಲೆ ಇಟ್ಟರು. ಶಿವರುದ್ರಮ್ಮ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು, ಡಾಕ್ಟರು ಹೇಳಿಕೊಟ್ಟಿದ್ದಂತೆ, ಹತ್ತು ಸಲ. ಆಮೇಲೆ ಮಿಠಾಯಿಯ ಡಬ್ಬಿ ತೆರೆಯಿತು.

ಕುಣಿಗಲ್‌ನ ವನಜಮ್ಮ ಹೇಳುವ ಕಥೆ ಬೇರೆಯಾಗುವುದು ಇಲ್ಲಿ. ಅವರ ಪ್ರಕಾರ ಹರಿವಾಣ ಇಳಿಸಿದ ಕ್ಷಣದಲ್ಲಿ ಲಕ್ಷ್ಮೀದೇವಮ್ಮನವರಿಗೆ ಮಾತು ಮರಳಿತು, "ತೆಗಿ" ಎಂದು ಬಾಯಿಬಿಟ್ಟು ಅಂದರು. ಕಥೆ ಬೀದಿಯಿಂದ ಬೀದಿಗೆ ಹೋಗುವಾಗ ಇಂಥ ಮಾತು ಕೂಡಿಕೊಳ್ಳುವುದು ಹೊಸದೇನಲ್ಲ. ಆಮೇಲೆ ಇದನ್ನು ಕಲ್ಲಮ್ಮನವರಿಗೆ ತಿಳಿಸಿದಾಗ, ಅದೆಲ್ಲ ಸುಳ್ಳು, ಮಾತು ಬಂದಿಲ್ಲ, ಬೆರಳು ಮೂರು ಬಿಡಿಸಿಕೊಂಡಿವೆ, ಅಷ್ಟು ಬರೆದುಕೊಂಡರೆ ಸಾಕು ಎಂದರು. ಹಾಗೆಯೇ ಬರೆದಿದ್ದೇನೆ.

ಸಂಗತಿ ತಿಳಿದ ಮೇಲೆ ರವೀಶ್ ರೂಟರನ್ನು ಹಾಲ್‌ಗೆ ತರಲು ಸಿದ್ಧನಾಗಿ ಬಂದನಂತೆ. ಶಿವರುದ್ರಮ್ಮ ಒಪ್ಪಲಿಲ್ಲ. ಇಟ್ಟ ಜಾಗದಿಂದ ಅದನ್ನು ಏಳಿಸಲು ಅವರಿಗೆ ಮನಸ್ಸು ಬರಲಿಲ್ಲ. ತಟ್ಟೆ ತಾಮ್ರದ್ದಾದ್ದರಿಂದ ಅಡ್ಡಿಯಾಯಿತು, ಗೋಡೆಯೂ ಕಲ್ಲು, ಬೇರೆ ಕಿಂಡಿ ಇರಲಿಲ್ಲ ಎಂದು ಅವನು ವಿವರಿಸಿದ. ಹಾಗಾದರೆ ತಾಮ್ರ ಬೇಡ ಎಂದು ಅವರು ಒಳಗಿನಿಂದ ಬಿದಿರಿನ ಮೊರ ತಂದು ಗೂಡಿಗೆ ಒರಗಿಸಿ, ನೋಡು ಎಂದರು. ರವೀಶ್ ಹಾಲ್‌ನಲ್ಲಿ ನಿಂತು ತನ್ನ ಫೋನ್ ನೋಡಿದ. ಸಿಗ್ನಲ್ಲಿನ ಎಲ್ಲ ಗೀಟುಗಳೂ ಇದ್ದವು. ಕಲ್ಲಮ್ಮ ಕಥೆ ಹೇಳುವ ಹೊತ್ತಿಗೆ ಅಲ್ಲಿಂದ ಈಚೆಗೆ ಎರಡು ಸೋಮವಾರ ಕಳೆದಿದ್ದವು. ಅಭಿಷೇಕವಾಗುತ್ತದೆ, ಮೊರದ ಮೇಲೆ ನೀರು ಹಾರುತ್ತದೆ, ಹನ್ನೊಂದಕ್ಕೆ ಕುಣಿಗಲ್ ಕಾಣುತ್ತದೆ. ಕರೆ ಮುಗಿಯುವಾಗ ಅಕ್ಕ ತನ್ನ ಹರಿವಾಣವನ್ನು ಒಂದು ಕ್ಷಣ ಬಾಯಿಗೆ ಅಡ್ಡ ಹಿಡಿಯುತ್ತಾರೆ. ಇನ್ನು ಸಾಕು, ಇಡು ಎಂದು ಅದರ ಅರ್ಥ.

ಕಲ್ಲಮ್ಮ ಇಲ್ಲಿಗೆ ನಿಲ್ಲಿಸಿದರು. ಪಾತ್ರೆಯಲ್ಲಿ ಕಾಳು ಮುಗಿದಿತ್ತು. ಕೇಳುತ್ತಿದ್ದವರಲ್ಲಿ ಒಬ್ಬಾಕೆ, ಚಿಕ್ಕಮಾರಮ್ಮ, ತಮ್ಮ ಮನೆಯ ವೈಫೈ ಪೆಟ್ಟಿಗೆಯನ್ನು ಮಗ ಸ್ಟೀಲ್ ಬೀರುವಿನೊಳಗೆ ಇಟ್ಟು ಬೀಗ ಹಾಕಿದ್ದಾನೆ ಎಂದರು. ಉಳಿದವರು ನಕ್ಕರು. ಹಿಚುಕಿದ ಬೇಳೆಯನ್ನು ಕಲ್ಲಮ್ಮನ ಮಗಳು ಬಟ್ಟಲುಗಳಿಗೆ ಹಂಚಿದಳು. ಕಲ್ಲಮ್ಮ ಸೆರಗಿನಿಂದ ಸಿಪ್ಪೆ ಕೊಡವಿಕೊಂಡು ಎದ್ದರು. ಮರುದಿನ ಸೋಮವಾರ, ಪತ್ರೆ ಕೊಯ್ಯಬೇಕು, ಐದು ಗಂಟೆಯ ಗುಬ್ಬಿ ಬಸ್ಸು ತಪ್ಪಿದರೆ ಕಷ್ಟ ಎಂದರು. ಉಳಿದವರೂ ತಂತಮ್ಮ ಬಟ್ಟಲು ಎತ್ತಿಕೊಂಡರು. ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಮನೆಗೆ ಹೋದರು. ಚಿಕ್ಕಮಾರಮ್ಮ ಎಲ್ಲರಿಗಿಂತ ಮುಂದಿದ್ದರು.